ವಿದ್ಯುತ್ ವಾಗ್ವಾದದ ಅಂಕಿಅಂಶಗಳು: ಯಾವುದನ್ನು, ಯಾವಾಗ ನಂಬಬೇಕು?

ಬೆಂಗಳೂರು: ಬಸವೇಶ್ವರನಗರದ ಸಿದ್ದಯ್ಯ ಪುರಾಣಿಕ ರಸ್ತೆಯ ಆಸುಪಾಸಿನಲ್ಲಿ ಯಾವ ಮನೆಯ ಗೇಟು ತೆರೆದು ಒಳಹೋದರೂ ಮೆಟ್ಟಿಲ ಬಳಿಯ ಗೋಡೆಯಲ್ಲಿ ಒಂದು ಮೀಟರ್ ಕಾಣುತ್ತದೆ. ತಿಂಗಳಿಗೊಮ್ಮೆ ಮೀಟರ್ ರೀಡರ್ ಬಂದು ಅದರ ಅಂಕಿಯನ್ನು ಗುರುತಿಸಿಕೊಂಡು, ಬಿಲ್ ಮುದ್ರಿಸಿ ಕೊಟ್ಟು ಹೋಗುತ್ತಾರೆ. ಕಳೆದ ತಿಂಗಳ ಅಂಕಿ ಇಷ್ಟು, ಈ ತಿಂಗಳದ್ದು ಇಷ್ಟು, ವ್ಯತ್ಯಾಸ ಇಷ್ಟು ಯೂನಿಟ್ ಎಂಬ ಸರಳ ಲೆಕ್ಕವದು. ಮನೆಯವರಿಗೆ ಅನುಮಾನ ಬಂದರೆ ಎರಡು ಹೆಜ್ಜೆ ಹೊರಗೆ ಬಂದು ತಾವೇ ನೋಡಿಕೊಳ್ಳಬಹುದು.

ಅದೇ ಸಂಜೆ ದೂರದರ್ಶನದ ಚರ್ಚೆಯಲ್ಲಿ ಆಡಳಿತ ಪಕ್ಷದವರು ರಾಜ್ಯದ ಉತ್ಪಾದನಾ ಸಾಮರ್ಥ್ಯ ಇಷ್ಟು ಸಾವಿರ ಮೆಗಾವ್ಯಾಟ್ ಎನ್ನುತ್ತಾರೆ. ವಿರೋಧ ಪಕ್ಷದವರು ಇಷ್ಟು ಸಾವಿರ ಕೋಟಿ ರೂಪಾಯಿ ಹೊರೆ ಎನ್ನುತ್ತಾರೆ. ಸೋರಿಕೆ ಶೇಕಡಾ ಇಷ್ಟು, ರೈತರಿಗೆ ಕೊಟ್ಟದ್ದು ಇಷ್ಟು, ದರ ಇಳಿಸಿದ್ದು ಇಷ್ಟು ಪೈಸೆ ಎಂಬ ಅಂಕಿಗಳು ಬೆನ್ನುಬೆನ್ನಿಗೆ ಬರುತ್ತವೆ. ಇವುಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಆದರೆ ಯಾವುದರ ಬಗ್ಗೆ ನಿಜ ಎಂಬುದನ್ನು ಹೇಳುವವರು ಹೇಳುವುದಿಲ್ಲ, ಕೇಳುವವರು ಕೇಳುವುದಿಲ್ಲ. ವಿದ್ಯುತ್ ವಿಷಯದಲ್ಲಿ ಅಂಕಿಯೊಂದನ್ನು ಒರೆಗೆ ಹಚ್ಚಲು ಒಂದು ಪ್ರಶ್ನೆ ಬಹಳ ದೂರ ಕೊಂಡೊಯ್ಯುತ್ತದೆ: ಈ ಅಂಕಿಯ ಹಿಂದೆ ಮೀಟರ್ ಇದೆಯೇ? ಇದ್ದರೆ ಅದು ಎಲ್ಲಿದೆ, ಏನನ್ನು ಅಳೆಯುತ್ತಿದೆ?

ಮೆಗಾವ್ಯಾಟ್ ಬೇರೆ, ಯೂನಿಟ್ ಬೇರೆ

ಗೊಂದಲದ ಮೊದಲ ಮೂಲ ಅಳತೆಯ ಹೆಸರು. ಮೆಗಾವ್ಯಾಟ್ ಎಂಬುದು ಆ ಕ್ಷಣದ ಶಕ್ತಿಯ ಪ್ರಮಾಣ. ಯೂನಿಟ್ ಎಂಬುದು ಒಂದು ಕಿಲೋವ್ಯಾಟ್ ಶಕ್ತಿಯನ್ನು ಒಂದು ಗಂಟೆ ಕಾಲ ಬಳಸಿದಾಗ ಖರ್ಚಾದ ಒಟ್ಟು ವಿದ್ಯುತ್. ನಲ್ಲಿಯ ಅಗಲಕ್ಕೂ ಬಕೆಟ್ಟಿನಲ್ಲಿ ತುಂಬಿದ ನೀರಿಗೂ ಇರುವ ವ್ಯತ್ಯಾಸವೇ ಇವೆರಡರ ನಡುವೆಯೂ ಇದೆ. ನಲ್ಲಿ ಎಷ್ಟೇ ಅಗಲವಿರಲಿ, ನೀರು ಬರುವುದು ದಿನಕ್ಕೆ ಐದು ಗಂಟೆಯಾದರೆ ಬಕೆಟ್ ಅಷ್ಟೇ ತುಂಬುತ್ತದೆ. ರಾಜಕೀಯ ಭಾಷಣಗಳಲ್ಲಿ ಕೇಳಿಬರುವುದು ಸಾಮಾನ್ಯವಾಗಿ ನಲ್ಲಿಯ ಅಗಲ.

ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕ್‌ನ ಸ್ಥಾಪಿತ ಸಾಮರ್ಥ್ಯ 2,050 ಮೆಗಾವ್ಯಾಟ್. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದ ಚಾಲ್ತಿಯಲ್ಲಿರುವ ನಾಲ್ಕು ಘಟಕಗಳದ್ದು 880 ಮೆಗಾವ್ಯಾಟ್. ಅಂಕಿ ನೋಡಿದರೆ ಪಾವಗಡ ಕೈಗಾದ ಎರಡು ಪಟ್ಟಿಗಿಂತ ದೊಡ್ಡದು. ಆದರೆ ಸೌರ ಫಲಕಗಳು ರಾತ್ರಿ, ಮೋಡ, ಮುಂಜಾವುಗಳನ್ನು ಕಳೆದು ವರ್ಷದ ಸರಾಸರಿಯಲ್ಲಿ ಸಾಮರ್ಥ್ಯದ ಐದನೇ ಒಂದು ಭಾಗದಷ್ಟು ಕೆಲಸ ಮಾಡುತ್ತವೆ ಎಂದು ಹಿಡಿದರೆ ಪಾವಗಡದಿಂದ ವರ್ಷಕ್ಕೆ ಸುಮಾರು 360 ಕೋಟಿ ಯೂನಿಟ್ ಬರುತ್ತದೆ. ಅಣು ಸ್ಥಾವರ ಶೇ. 85ರಷ್ಟು ಸಾಮರ್ಥ್ಯದಲ್ಲಿ ನಡೆದರೆ ಕೈಗಾದಿಂದ ಬರುವುದು ಸುಮಾರು 655 ಕೋಟಿ ಯೂನಿಟ್. ಇದರಿಂದ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದೇನೂ ಸಿದ್ಧವಾಗುವುದಿಲ್ಲ. ವೆಚ್ಚ, ಸುರಕ್ಷತೆ, ಭೂಮಿಯ ಪ್ರಶ್ನೆಗಳು ಬೇರೆಯೇ ಇವೆ. 'ನಮ್ಮ ಅವಧಿಯಲ್ಲಿ ಇಷ್ಟು ಸಾವಿರ ಮೆಗಾವ್ಯಾಟ್ ಸೇರಿಸಿದೆವು' ಎಂಬ ಘೋಷಣೆಯಿಂದ ಎಷ್ಟು ಯೂನಿಟ್ ಬಂತು ಎಂಬುದು ತಿಳಿಯುವುದಿಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಶರಾವತಿ ಕಣಿವೆಯಲ್ಲಿ ಉದ್ದೇಶಿಸಿರುವ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ವಾಗ್ವಾದವೂ ಇದೇ ಬಗೆಯದು. ಬೆಂಬಲಿಗರು 2,000 ಮೆಗಾವ್ಯಾಟ್ ಎನ್ನುತ್ತಾರೆ. ವಿರೋಧಿಗಳು ಅದು ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಾನೇ ನುಂಗುತ್ತದೆ ಎನ್ನುತ್ತಾರೆ. ಎರಡೂ ನಿಜ. ಇಂಥ ಸ್ಥಾವರಗಳು ನೀರನ್ನು ಮೇಲಕ್ಕೆತ್ತಲು ಬಳಸಿದ ವಿದ್ಯುತ್ತಿನ ಮುಕ್ಕಾಲು ಭಾಗದಷ್ಟನ್ನು ಮಾತ್ರ ಮರಳಿ ಕೊಡುತ್ತವೆ. ಅದು ಉತ್ಪಾದನಾ ಕೇಂದ್ರವಲ್ಲ, ಒಂದು ಬಗೆಯ ಬ್ಯಾಟರಿ. ಮಧ್ಯಾಹ್ನದ ಮಿಗತೆಯನ್ನು ಸಂಜೆಗೆ ಸಾಗಿಸುವ ಈ ಅನುಕೂಲಕ್ಕೆ ಕಾಡು ಮತ್ತು ಹಣದ ರೂಪದಲ್ಲಿ ತೆರಬೇಕಾದ ಬೆಲೆ ಸಮಂಜಸವೇ ಎಂಬ ಪ್ರಶ್ನೆಗೆ ಈ ಎರಡು ಅಂಕಿಗಳಲ್ಲಿ ಒಂದೂ ಉತ್ತರ ಕೊಡುವುದಿಲ್ಲ.

2023ರ ಕೊರತೆಯ ಲೆಕ್ಕ

ಆ ವರ್ಷ ಮುಂಗಾರು ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಸಾಮಾನ್ಯವಾಗಿ ಮಳೆಗಾಲದಲ್ಲಿ ತಗ್ಗಬೇಕಾದ ಬೇಡಿಕೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೇಸಿಗೆಯ ಮಟ್ಟಕ್ಕೇರಿ 16 ಸಾವಿರ ಮೆಗಾವ್ಯಾಟ್ ಆಸುಪಾಸಿಗೆ ಬಂದಿತು. ಪಂಪ್‌ಸೆಟ್‌ಗಳಿಗೆ ಕೊಡುತ್ತಿದ್ದ ಮೂರು ಫೇಸ್ ವಿದ್ಯುತ್ತಿನ ಅವಧಿ ಕುಗ್ಗಿತು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಸೆಕ್ಷನ್ನನ್ನು ಪ್ರಯೋಗಿಸಿ, ಖಾಸಗಿ ಉತ್ಪಾದಕರು ರಾಜ್ಯದ ಜಾಲಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ವಿನಿಮಯದ ಆಧಾರದ ಮೇಲೆ ವಿದ್ಯುತ್ ತರುವ ಏರ್ಪಾಡೂ ನಡೆಯಿತು.

ಆಗ ಕೇಳಿಬಂದ ಸಹಜ ಪ್ರಶ್ನೆ: ಸ್ಥಾಪಿತ ಸಾಮರ್ಥ್ಯ 30 ಸಾವಿರ ಮೆಗಾವ್ಯಾಟ್ ಮೀರಿರುವ ರಾಜ್ಯಕ್ಕೆ 16 ಸಾವಿರ ಮೆಗಾವ್ಯಾಟ್ ಒದಗಿಸಲು ಏಕೆ ಸಾಧ್ಯವಾಗಲಿಲ್ಲ? ಒಂದು ಪಕ್ಷ ಇದನ್ನು ಆಡಳಿತದ ವೈಫಲ್ಯವೆಂದಿತು. ಇನ್ನೊಂದು ಪಕ್ಷ ಹಿಂದಿನ ಸರ್ಕಾರ ಉತ್ಪಾದನೆ ಹೆಚ್ಚಿಸಲಿಲ್ಲವೆಂದಿತು. ವಾಸ್ತವವಾಗಿ ಆ 30 ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೌರ, ಪವನ ಮತ್ತು ಜಲ ಮೂಲಗಳದ್ದು. ಸಂಜೆ ಏಳಕ್ಕೆ ಸೌರದ ಪಾಲು ಸೊನ್ನೆ. ಪವನ ವಿದ್ಯುತ್ ಮುಂಗಾರಿನ ತಿಂಗಳುಗಳಲ್ಲಿ ಹೆಚ್ಚು, ಅಕ್ಟೋಬರ್ ಹೊತ್ತಿಗೆ ಇಳಿಮುಖ. 1,035 ಮೆಗಾವ್ಯಾಟ್‌ನ ಶರಾವತಿ ಕೇಂದ್ರದ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಲಿಂಗನಮಕ್ಕಿಯಲ್ಲಿ ನೀರಿಲ್ಲದಿದ್ದರೆ ಬೇಸಿಗೆಗೆಂದು ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ರಾಯಚೂರು, ಬಳ್ಳಾರಿ, ಯರಮರಸ್ ಶಾಖೋತ್ಪನ್ನ ಕೇಂದ್ರಗಳು ಸೇರಿ 5,020 ಮೆಗಾವ್ಯಾಟ್. ಅಲ್ಲಿ ಕಲ್ಲಿದ್ದಲು ಮತ್ತು ದುರಸ್ತಿಯ ತೊಡಕು. ಆದ್ದರಿಂದ 30 ಸಾವಿರ ಎಂಬ ಅಂಕಿ ಕಾಗದದ ಮೇಲೆ ಸರಿ. ಅಕ್ಟೋಬರ್ ತಿಂಗಳ ಸಂಜೆ ಏಳು ಗಂಟೆಗೆ ಲಭ್ಯವಿದ್ದ ಮೆಗಾವ್ಯಾಟ್ ಎಷ್ಟು ಎಂಬ ಅಂಕಿಯೇ ಅಂದು ಬೇಕಿತ್ತು. ಸದನದಲ್ಲಿ ಅದನ್ನು ಯಾರಾದರೂ ಗಟ್ಟಿಯಾಗಿ ಕೇಳಿದ್ದರೆ ಚರ್ಚೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

'ಕೊರತೆ' ಎಂಬ ಪದದಲ್ಲಿಯೂ ಒಂದು ಮಡಿಕೆ ಇದೆ. ಪಂಪ್‌ಸೆಟ್‌ಗಳಿಗೆ ದಿನಕ್ಕೆ ಏಳು ಗಂಟೆ ಮೂರು ಫೇಸ್ ವಿದ್ಯುತ್ ಎಂದು ನಿಗದಿಯಾಗಿದ್ದರೆ ಉಳಿದ ಹದಿನೇಳು ಗಂಟೆ ಕೊಡದಿರುವುದು ಕೊರತೆಯ ಖಾತೆಗೆ ಬರುವುದಿಲ್ಲ. ಬೇಡಿಕೆಯನ್ನೇ ಕಟ್ಟಿಹಾಕಿದ ಮೇಲೆ ಪೂರೈಕೆ ಅದಕ್ಕೆ ಸರಿಹೊಂದುವುದು ಆಶ್ಚರ್ಯವಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಕೋಷ್ಟಕದಲ್ಲಿ ರಾಜ್ಯದ ಹೆಸರಿನ ಎದುರು ಸೊನ್ನೆಗೆ ಹತ್ತಿರದ ಕೊರತೆ ಕಂಡಾಗ, ಆ ಬೇಡಿಕೆಯನ್ನು ಯಾರು, ಹೇಗೆ ಲೆಕ್ಕ ಹಾಕಿದರು ಎಂದು ಕೇಳಬೇಕು.

ತಿರುವುಮುರುವಾದ ತಪ್ಪನ್ನು ನಗರವಾಸಿಗಳೂ ಮಾಡುತ್ತಾರೆ. ಹಾವನೂರು ವೃತ್ತದ ಬಳಿ ಎರಡು ಗಂಟೆ ಕರೆಂಟ್ ಹೋದರೆ 'ರಾಜ್ಯದಲ್ಲಿ ವಿದ್ಯುತ್ ಇಲ್ಲ' ಎಂಬ ತೀರ್ಮಾನ ಸಿದ್ಧವಾಗಿರುತ್ತದೆ. ತಂತಿಯ ಮೇಲೆ ಮರದ ಕೊಂಬೆ ಬಿದ್ದಿರಬಹುದು, ಉಪಕೇಂದ್ರದಲ್ಲಿ ನಿರ್ವಹಣಾ ಕಾಮಗಾರಿ ನಡೆದಿರಬಹುದು. ಅಡಚಣೆ ಬೇರೆ, ಅಭಾವ ಬೇರೆ. ಅಡಚಣೆಗಳನ್ನು ಅಳೆಯಲು ಸೈಫಿ, ಸೈಡಿ ಎಂಬ ಪ್ರತ್ಯೇಕ ಸೂಚ್ಯಂಕಗಳಿವೆ: ಒಬ್ಬ ಗ್ರಾಹಕನಿಗೆ ಸರಾಸರಿ ಎಷ್ಟು ಸಲ, ಎಷ್ಟು ಹೊತ್ತು ವಿದ್ಯುತ್ ಕಡಿತವಾಯಿತು ಎಂಬುದನ್ನು ಅವು ತಿಳಿಸುತ್ತವೆ.

ಮೀಟರ್ ಇಲ್ಲದ ಮೂರನೇ ಒಂದು ಭಾಗ

ಕರ್ನಾಟಕದ ವಿದ್ಯುತ್ ಅಂಕಿಅಂಶಗಳಲ್ಲಿ ಅತ್ಯಂತ ಮುಖ್ಯವಾದ ಮತ್ತು ಅತ್ಯಂತ ಕಡಿಮೆ ಚರ್ಚೆಯಾಗುವ ಸಂಗತಿ ಕೃಷಿ ಪಂಪ್‌ಸೆಟ್‌ಗಳದ್ದು. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ ವಿದ್ಯುತ್ ದೊರೆಯುತ್ತಿದೆ. ಅಂಥ ಪಂಪ್‌ಸೆಟ್‌ಗಳ ಸಂಖ್ಯೆ 30 ಲಕ್ಷ ಮೀರಿದೆ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಇವುಗಳದ್ದೆಂದು ಲೆಕ್ಕ. ಇವುಗಳಲ್ಲಿ ಬಹುಪಾಲಿಗೆ ಮೀಟರ್ ಇಲ್ಲ. ಹಾಗಿದ್ದರೆ ಮೂರನೇ ಒಂದು ಭಾಗ ಎಂದು ತಿಳಿದದ್ದು ಹೇಗೆ? ಅಂದಾಜಿನಿಂದ. ಆಯ್ದ ಕೆಲವು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಅಳೆದು ಸರಾಸರಿ ತೆಗೆದು ಒಟ್ಟು ಪಂಪ್‌ಸೆಟ್‌ಗಳಿಗೆ ಗುಣಿಸುವುದು ಹಳೆಯ ಕ್ರಮ. ನಿರಂತರ ಜ್ಯೋತಿ ಯೋಜನೆಯಡಿ ಕೃಷಿ ಮಾರ್ಗಗಳನ್ನು ಪ್ರತ್ಯೇಕಿಸಿದ ಮೇಲೆ ಫೀಡರ್‌ನ ಮೀಟರ್ ನೋಡಿ, ತಂತಿಯ ನಷ್ಟ ಕಳೆದು, ಉಳಿದದ್ದನ್ನು ಹಂಚುವುದು ಹೊಸ ಕ್ರಮ. ಹೊಸದು ಹಳೆಯದಕ್ಕಿಂತ ಬಹಳ ಮೇಲು. ಆದರೂ ಅದು ಪಂಪಿನ ಬಾಯಲ್ಲಿ ಕುಳಿತ ಮೀಟರ್ ಅಲ್ಲ.

ಇದರ ಪರಿಣಾಮ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಒಂದು ಕಂಪನಿ ತನ್ನ ಜಾಲಕ್ಕೆ 100 ಯೂನಿಟ್ ಪಡೆಯಿತು ಎನ್ನೋಣ. ಮೀಟರ್ ಇರುವ ಮನೆ, ಅಂಗಡಿ, ಕಾರ್ಖಾನೆಗಳಿಗೆ ಮಾರಿದ್ದು 60. ಪಂಪ್‌ಸೆಟ್‌ಗಳ ಅಂದಾಜು 28. ಉಳಿದ 12 ವಿತರಣಾ ನಷ್ಟ. ಪಂಪ್‌ಸೆಟ್‌ಗಳು ನಿಜಕ್ಕೂ 22 ಯೂನಿಟ್ ಮಾತ್ರ ಬಳಸಿದ್ದರೆ? ನಷ್ಟ 12 ಅಲ್ಲ, 18. ಕಳ್ಳತನ, ಹಳೆಯ ತಂತಿ, ಕೆಟ್ಟ ಮೀಟರ್‌ಗಳಿಂದ ಆದ ಆರು ಯೂನಿಟ್ ಸೋರಿಕೆ ರೈತನ ಹೆಸರಿನಲ್ಲಿ ಜಮೆಯಾಗಿರುತ್ತದೆ. ಅದರ ಹಣ ಸಹಾಯಧನದ ರೂಪದಲ್ಲಿ ಸರ್ಕಾರದ ಖಜಾನೆಯಿಂದ, ಅಂದರೆ ತೆರಿಗೆದಾರನಿಂದ ಬರುತ್ತದೆ. ಕಂಪನಿಯ ಕಾರ್ಯಕ್ಷಮತೆ ಕಾಗದದಲ್ಲಿ ಚೆನ್ನಾಗಿ ಕಾಣುತ್ತದೆ.

ಎಂದರೆ 'ರೈತರಿಗೆ ಇಷ್ಟು ಸಾವಿರ ಕೋಟಿ ಕೊಟ್ಟೆವು' ಎಂಬ ಆಡಳಿತ ಪಕ್ಷದ ಹೆಮ್ಮೆ, 'ಉಚಿತ ವಿದ್ಯುತ್ತಿನಿಂದ ವ್ಯವಸ್ಥೆ ಕುಸಿಯುತ್ತಿದೆ' ಎಂಬ ಟೀಕೆ, 'ಸೋರಿಕೆಯನ್ನು ಶೇಕಡಾ ಇಷ್ಟಕ್ಕೆ ಇಳಿಸಿದೆವು' ಎಂಬ ಕಂಪನಿಯ ವರದಿ ಮೂರೂ ಒಂದೇ ಅಂದಾಜಿನ ಮೇಲೆ ನಿಂತಿವೆ. ಆ ಅಂದಾಜು ಅಲುಗಿದರೆ ಮೂರೂ ಅಲುಗುತ್ತವೆ. ವಿದ್ಯುಚ್ಛಕ್ತಿ ಕಾಯ್ದೆ 2003ರ 55ನೇ ಸೆಕ್ಷನ್ ಪ್ರಕಾರ ಎರಡು ವರ್ಷಗಳ ಗಡುವಿನ ಬಳಿಕ ಮೀಟರ್ ಇಲ್ಲದೆ ವಿದ್ಯುತ್ ಪೂರೈಸುವಂತಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ತನ್ನ ದರ ಆದೇಶಗಳಲ್ಲಿ ಈ ಬಗ್ಗೆ ಕಂಪನಿಗಳಿಗೆ ಪದೇ ಪದೇ ಸೂಚನೆ ನೀಡಿದೆ. ಮೀಟರ್ ಬಂದರೆ ಹಿಂದೆಯೇ ಬಿಲ್ ಬರುತ್ತದೆ ಎಂಬ ರೈತರ ಭಯ ನಿರಾಧಾರವಲ್ಲ. ಆ ಭಯವನ್ನು ನಿವಾರಿಸುವ ಧೈರ್ಯ ಯಾವ ಸರ್ಕಾರಕ್ಕೂ ಬಂದಿಲ್ಲ. ಅಳೆಯದಿರುವುದು ಎಲ್ಲರಿಗೂ ಅನುಕೂಲ ಎಂಬ ಗುಮಾನಿಯೂ ಈ ಲೇಖಕನಿಗೆ ಇಲ್ಲದಿಲ್ಲ.

ಇದು ಹಳ್ಳಿಯ ವಿಷಯ, ಬಸವೇಶ್ವರನಗರಕ್ಕೆ ಏನು ಸಂಬಂಧ ಎನ್ನುವಂತಿಲ್ಲ. ಬೆಸ್ಕಾಂ ಎಂದರೆ ಬೆಂಗಳೂರು ನಗರವಷ್ಟೇ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ದಾವಣಗೆರೆಗಳೂ ಅದರ ವ್ಯಾಪ್ತಿಯಲ್ಲಿವೆ. ಸಾವಿರ ಅಡಿ ಕೊಳವೆಬಾವಿಗಳ ಸೀಮೆ ಮತ್ತು ಪಶ್ಚಿಮ ಬೆಂಗಳೂರಿನ ಬಡಾವಣೆಗಳು ಒಂದೇ ಲೆಕ್ಕಪುಸ್ತಕದಲ್ಲಿವೆ. ಇಲ್ಲಿನ ಮನೆಯ ದರ ನಿಗದಿಯಾಗುವುದು ಆ ಪುಸ್ತಕದಿಂದಲೇ.

ದರ ಏರಿತೋ, ಇಳಿಯಿತೋ?

2023ರ ಜೂನ್‌ನಲ್ಲಿ ಬಂದ ಬಿಲ್‌ಗಳನ್ನು ನಗರದ ಗ್ರಾಹಕರು ಮರೆತಿರಲಾರರು. ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆಯ ಆದೇಶವನ್ನು ಆಯೋಗ ಹೊರಡಿಸಿದ್ದು 2023ರ ಮೇ 12ರಂದು, ವಿಧಾನಸಭಾ ಚುನಾವಣೆಯ ಮತ ಎಣಿಕೆಯ ಹಿಂದಿನ ದಿನ. ಜಾರಿಯ ದಿನಾಂಕ ಏಪ್ರಿಲ್ 1. ಹೊಸ ಸರ್ಕಾರದ ಪ್ರಮಾಣವಚನ ಮೇ 20. ಬಿಲ್ ಕೈಗೆ ಬಂದದ್ದು ಜೂನ್‌ನಲ್ಲಿ. ಏರಿಸಿದ್ದು ಯಾರು ಎಂಬ ಜಗಳದಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ದಿನಾಂಕವನ್ನು ಹಿಡಿದುಕೊಂಡರು. ಇನ್ನೂ ಸೋಜಿಗದ ಸಂಗತಿ 'ಸರಾಸರಿ 70 ಪೈಸೆ' ಎಂಬ ಅಂಕಿ. ಆ ಆದೇಶದಲ್ಲಿ ಗೃಹಬಳಕೆಗೆ 100 ಯೂನಿಟ್‌ವರೆಗೆ ಯೂನಿಟ್‌ಗೆ 4.75 ರೂಪಾಯಿ, 100 ದಾಟಿದರೆ ಮೊದಲ ಯೂನಿಟ್‌ನಿಂದಲೇ 7 ರೂಪಾಯಿ. 100 ಯೂನಿಟ್ ಬಳಸಿದವರ ವಿದ್ಯುತ್ ಶುಲ್ಕ 475 ರೂಪಾಯಿಯಾದರೆ 101 ಯೂನಿಟ್ ಬಳಸಿದವರದ್ದು 707. ಒಂದು ಯೂನಿಟ್‌ಗೆ 232 ರೂಪಾಯಿ! ಸರಾಸರಿ ಎಂಬುದು ಇಂಥ ಏಣಿಶ್ರೇಣಿಗಳನ್ನೆಲ್ಲ ಸಮತಟ್ಟು ಮಾಡಿ ತೋರಿಸುತ್ತದೆ. (2024ರ ಏಪ್ರಿಲ್‌ನಿಂದ ಈ ಹಂತಗಳನ್ನು ತೆಗೆದು ಏಕರೂಪವಾಗಿ 5.90 ರೂಪಾಯಿ ನಿಗದಿ ಮಾಡಲಾಯಿತು.)

ಮುಂದಿನದು ಇದಕ್ಕಿಂತ ಸೂಕ್ಷ್ಮ. 2025ರ ಮಾರ್ಚ್‌ನ ಆದೇಶಗಳಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ 5.90ರಿಂದ 5.80 ರೂಪಾಯಿಗೆ ಇಳಿಯಿತು. ಜೊತೆಗೆ ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿತು. ಮಂಜೂರಾದ ಪ್ರತಿ ಕಿಲೋವ್ಯಾಟ್ ಹೊರೆಗೆ ನಿಗದಿತ ಶುಲ್ಕ 120ರಿಂದ 145 ರೂಪಾಯಿಗೆ ಏರಿತು. ಸರ್ಕಾರದ ಪರ ಇರುವವರಿಗೆ '10 ಪೈಸೆ ಇಳಿಕೆ' ಸಿಕ್ಕಿತು. ವಿರೋಧಿಗಳಿಗೆ '36 ಪೈಸೆ ಏರಿಕೆ' ಸಿಕ್ಕಿತು.

ಬಸವೇಶ್ವರನಗರದ ಒಂದು ಮನೆಗೆ 3 ಕಿಲೋವ್ಯಾಟ್ ಮಂಜೂರಾಗಿದೆ, ತಿಂಗಳಿಗೆ 250 ಯೂನಿಟ್ ಬಳಕೆ ಎಂದಿಟ್ಟುಕೊಳ್ಳೋಣ. ತೆರಿಗೆ ಮತ್ತು ಇಂಧನ ಹೊಂದಾಣಿಕೆ ಶುಲ್ಕ ಬಿಟ್ಟು ಲೆಕ್ಕ ಹಾಕಿದರೆ ಹಳೆಯ ದರದಲ್ಲಿ ವಿದ್ಯುತ್ ಶುಲ್ಕ 1,475, ನಿಗದಿತ ಶುಲ್ಕ 360, ಒಟ್ಟು 1,835 ರೂಪಾಯಿ. ಹೊಸ ದರದಲ್ಲಿ 1,450, ಪಿಂಚಣಿ ಬಾಬ್ತು 90, ನಿಗದಿತ ಶುಲ್ಕ 435, ಒಟ್ಟು 1,975. ಏರಿಕೆ 140 ರೂಪಾಯಿ, ಅಂದರೆ ಯೂನಿಟ್‌ಗೆ 56 ಪೈಸೆ. ಇಳಿದದ್ದು 10 ಪೈಸೆಯೂ ಅಲ್ಲ, ಏರಿದ್ದು 36 ಪೈಸೆಯೂ ಅಲ್ಲ. ಅದೇ ಮಂಜೂರಾತಿಯ ಪಕ್ಕದ ಮನೆಯಲ್ಲಿ ವೃದ್ಧ ದಂಪತಿ ಮಾತ್ರ ಇದ್ದು 100 ಯೂನಿಟ್ ಬಳಸುತ್ತಿದ್ದರೆ, ಬಿಲ್ ಕಟ್ಟುವ ಗ್ರಾಹಕರಾಗಿದ್ದಲ್ಲಿ 950 ರೂಪಾಯಿ 1,051 ಆಗುತ್ತದೆ. ಯೂನಿಟ್‌ಗೆ ಒಂದು ರೂಪಾಯಿಗೂ ಹೆಚ್ಚು. ಮೂರನೆಯ ಮನೆ ಗೃಹಜ್ಯೋತಿಯ ಮಿತಿಯೊಳಗಿದ್ದರೆ ಅದಕ್ಕೆ ಬಿಲ್ ಶೂನ್ಯ, ಏರಿಕೆಯ ಹೊರೆ ಖಜಾನೆಗೆ. ಒಂದೇ ಬೀದಿಯ ಮೂರು ಮನೆಗಳಿಗೆ ಮೂರು ಸತ್ಯಗಳು.

ಗೃಹಜ್ಯೋತಿಯ ಅಂಕಿಗಳಲ್ಲಿಯೂ ಎಚ್ಚರ ಬೇಕು. '200 ಯೂನಿಟ್ ಉಚಿತ' ಎಂಬುದು ಘೋಷಣೆಯ ಭಾಷೆ. 2023ರ ಜುಲೈ ಬಳಕೆಯಿಂದ ಜಾರಿಯಾದ ನಿಯಮದಂತೆ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದ್ದು ಉಚಿತ. 200 ಎಂಬುದು ಗರಿಷ್ಠ ಗೆರೆ. ಸರಾಸರಿ 80 ಯೂನಿಟ್ ಇದ್ದ ಮನೆಗೆ 88 ಯೂನಿಟ್ ಉಚಿತ, ಅದಕ್ಕಿಂತ ಮೇಲಿನದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಇನ್ನು 2025-26ರ ಬಜೆಟ್‌ನಲ್ಲಿ ಯೋಜನೆಗೆ ಒದಗಿಸಿದ 10,100 ಕೋಟಿ ರೂಪಾಯಿ ಎಂಬುದು ಕೇಳಿದೊಡನೆ ಎದೆ ಧಸಕ್ಕೆನ್ನುವ ಅಂಕಿ. ಸರ್ಕಾರ ಹೇಳುವ ಸುಮಾರು 1.6 ಕೋಟಿ ಫಲಾನುಭವಿ ಮನೆಗಳಿಗೆ ಹಂಚಿದರೆ ತಿಂಗಳಿಗೆ ಮನೆಯೊಂದಕ್ಕೆ ಸುಮಾರು 525 ರೂಪಾಯಿ. ಹೆಚ್ಚೋ ಕಡಿಮೆಯೋ ಎಂಬುದು ಅಭಿಪ್ರಾಯದ ಮಾತು. ಆದರೆ 525 ರೂಪಾಯಿಯ ಬಗ್ಗೆ ಜನ ಯೋಚಿಸಿ ವಾದಿಸಬಲ್ಲರು, ಹತ್ತು ಸಾವಿರ ಕೋಟಿಯ ಬಗ್ಗೆ ಉದ್ಗಾರ ತೆಗೆಯಬಲ್ಲರಷ್ಟೇ.

ನಾಳೆಯ ಅಂಕಿ: 1987ರ ಒಂದು ಪಾಠ

ಭವಿಷ್ಯದ ಬೇಡಿಕೆಯ ಅಂಕಿಗೆ ಯಾವ ಮೀಟರೂ ಇರಲು ಸಾಧ್ಯವಿಲ್ಲ. ಆದರೂ ಅತಿ ದೊಡ್ಡ ಯೋಜನೆಗಳು ನಿಂತಿರುವುದು ಅಂಥ ಅಂಕಿಗಳ ಮೇಲೆ. ಈ ಬಗ್ಗೆ ದೇಶದಲ್ಲೇ ಗಮನಾರ್ಹವಾದ ಒಂದು ಚರ್ಚೆ ನಡೆದದ್ದು ಕರ್ನಾಟಕದಲ್ಲಿ.

1987ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ಸಮಿತಿಯೊಂದು 2000ನೇ ಇಸವಿವರೆಗಿನ ವಿದ್ಯುತ್ ಯೋಜನೆಗಳ ದೀರ್ಘಾವಧಿ ಮುನ್ನೋಟವನ್ನು ಸಿದ್ಧಪಡಿಸಿತು. ಅದರ ಪ್ರಕಾರ 2000ರ ಹೊತ್ತಿಗೆ ರಾಜ್ಯಕ್ಕೆ ಸುಮಾರು 4,750 ಕೋಟಿ ಯೂನಿಟ್ ವಿದ್ಯುತ್ ಮತ್ತು 9,400 ಮೆಗಾವ್ಯಾಟ್ ಬೇಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಪ್ರಶ್ನಿಸಿದರು. ಹಳೆಯ ಬೆಳವಣಿಗೆಯ ಗೆರೆಯನ್ನು ಮುಂದಕ್ಕೆ ಎಳೆಯುವ ಬದಲು, ಜನರಿಗೆ ಬೇಕಾದದ್ದು ವಿದ್ಯುತ್ತೋ ಅಥವಾ ಬೆಳಕು, ಬಿಸಿನೀರು, ಹೊಲಕ್ಕೆ ಹರಿಯುವ ನೀರೋ ಎಂದು ಅವರು ಕೇಳಿದರು. ಹಳೆಯ ಬಲ್ಬ್‌ಗಳ ಬದಲು ದಕ್ಷ ದೀಪ, ಗೀಸರ್ ಬದಲು ಸೌರ ನೀರು ಕಾಯಿಸುವ ಸಾಧನ, ಸುಧಾರಿತ ಪಂಪ್‌ಸೆಟ್, ವಿಕೇಂದ್ರೀಕೃತ ಉತ್ಪಾದನೆ ಇವುಗಳನ್ನು ಲೆಕ್ಕಕ್ಕೆ ಹಿಡಿದಾಗ, 'ಡಿಫೆಂಡಸ್' ಎಂದು ಹೆಸರಾದ ಅವರ ಮುನ್ನೋಟದಲ್ಲಿ ಅದೇ 2000ನೇ ಇಸವಿಗೆ ಬಂದ ಉತ್ತರ ಸುಮಾರು 1,790 ಕೋಟಿ ಯೂನಿಟ್ ಮತ್ತು 4,000 ಮೆಗಾವ್ಯಾಟ್. ಒಂದೇ ರಾಜ್ಯ, ಒಂದೇ ವರ್ಷ. ಒಂದು ಅಂಕಿ ಇನ್ನೊಂದರ ಎರಡೂವರೆ ಪಟ್ಟು.

ಇಬ್ಬರಲ್ಲಿ ಯಾರೂ ಕೂಡಿಸುವಾಗ ತಪ್ಪಿರಲಿಲ್ಲ. ವ್ಯತ್ಯಾಸವಿದ್ದದ್ದು ಆರಂಭದ ಊಹೆಗಳಲ್ಲಿ. ಇಂದು ಪಶ್ಚಿಮ ಬೆಂಗಳೂರಿನ ಮನೆಗಳ ಮಾಳಿಗೆಯ ಮೇಲೆ ಸಾಲಾಗಿ ಕಾಣುವ ಸೌರ ನೀರಿನ ತೊಟ್ಟಿಗಳು ಅಂದಿನ ಲೆಕ್ಕದಲ್ಲಿ ಒಂದು ಸಾಲಾಗಿದ್ದವು. ಮುನ್ನೋಟದ ಅಂಕಿ ಕೇಳಿದಾಗ ಉತ್ತರದ ಬದಲು ಊಹೆಗಳ ಪಟ್ಟಿಯನ್ನು ಕೇಳಬೇಕು. ಪಟ್ಟಿ ಕೊಡದವರ ಮುನ್ನೋಟ, ಸರ್ಕಾರದ್ದಾಗಲಿ ಪರಿಸರವಾದಿಗಳದ್ದಾಗಲಿ, ಪಂಚಾಂಗ ಶ್ರವಣಕ್ಕಿಂತ ಹೆಚ್ಚಿನದಲ್ಲ.

ಒಂದೇ ಹೆಸರು, ಎರಡು ವಸ್ತು

ದೇಶದ ಎಲ್ಲ ಜನವಸತಿ ಹಳ್ಳಿಗಳಿಗೂ ವಿದ್ಯುತ್ ತಲುಪಿತೆಂದು 2018ರ ಏಪ್ರಿಲ್ 28ರಂದು ಘೋಷಿಸಲಾಯಿತು. 2004ರ ವ್ಯಾಖ್ಯೆಯಂತೆ ಹಳ್ಳಿಯ ಶೇ. 10ರಷ್ಟು ಮನೆಗಳಿಗೂ ಶಾಲೆ, ಪಂಚಾಯಿತಿ ಕಚೇರಿಯಂಥ ಸಾರ್ವಜನಿಕ ಸ್ಥಳಗಳಿಗೂ ಸಂಪರ್ಕವಿದ್ದರೆ ಆ ಹಳ್ಳಿ ವಿದ್ಯುದೀಕೃತ. ಘೋಷಣೆ ನಿಜವಾಗಿತ್ತು, ಕತ್ತಲಲ್ಲಿದ್ದ ಮನೆಗಳೂ ನಿಜವಾಗಿದ್ದವು.

ಸ್ಮಾರ್ಟ್ ಮೀಟರ್ ವಿವಾದದಲ್ಲಿಯೂ ಹೋಲಿಕೆಯದೇ ತೊಡಕು. 2025ರ ಫೆಬ್ರುವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಒಂಟಿ ಫೇಸ್ ಮೀಟರ್‌ಗೆ ಗ್ರಾಹಕ ತೆರಬೇಕಾದದ್ದು ಸುಮಾರು 5,000 ರೂಪಾಯಿ. ಇತರ ರಾಜ್ಯಗಳಲ್ಲಿ 900 ರೂಪಾಯಿ ಎಂಬ ಅಂಕಿ ಚರ್ಚೆಯಲ್ಲಿ ಓಡಾಡಿತು. ಕೇಂದ್ರದ ಪರಿಷ್ಕೃತ ವಿತರಣಾ ಯೋಜನೆಯಡಿ ಸಾಮಾನ್ಯ ರಾಜ್ಯಗಳಿಗೆ ಮೀಟರ್ ವೆಚ್ಚದ ಶೇ. 15, ಗರಿಷ್ಠ 900 ರೂಪಾಯಿ ಅನುದಾನವಿದೆ; ಉಳಿದ ವೆಚ್ಚವನ್ನು ಕಂಪನಿಗಳು ವರ್ಷಗಟ್ಟಲೆ ಕಂತಿನಲ್ಲಿ ತೀರಿಸುತ್ತವೆ. ಅನುದಾನದ ಮೊತ್ತವನ್ನು ಬೆಲೆಯೊಂದಿಗೆ, ಕಂತನ್ನು ನಗದಿನೊಂದಿಗೆ ಹೋಲಿಸಿದರೆ ಉತ್ತರ ಸಿಗುವುದಿಲ್ಲ. ಹಾಗೆಂದ ಮಾತ್ರಕ್ಕೆ 5,000 ನ್ಯಾಯವಾದ ಬೆಲೆ ಎಂದಾಗಲಿ, ಟೆಂಡರ್ ಸರಿಯಾಗಿತ್ತು ಎಂದಾಗಲಿ ಆಗುವುದಿಲ್ಲ. ಅದು ಬೇರೆಯೇ ಪ್ರಶ್ನೆ.

ಎಲ್ಲಿ ನೋಡಬೇಕು

ದಾಖಲೆಗಳು ಗುಟ್ಟಾಗಿಲ್ಲ, ಬೇಸರ ಹಿಡಿಸುವಷ್ಟು ದಪ್ಪವಾಗಿವೆ ಅಷ್ಟೆ. ಎಸ್ಕಾಂಗಳು ದರ ಪರಿಷ್ಕರಣೆಗೆ ಆಯೋಗದ ಮುಂದೆ ಸಲ್ಲಿಸುವ ಅರ್ಜಿ ಮತ್ತು ಆಯೋಗದ ಆದೇಶ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವುದು ಉತ್ತಮ. ಕಂಪನಿ ಕೇಳಿದ್ದೆಷ್ಟು, ಆಯೋಗ ಒಪ್ಪಿದ್ದೆಷ್ಟು, ಕಾರಣವೇನು ಎಂಬುದು ಅಲ್ಲಿ ಸಿಗುತ್ತದೆ. ಪ್ರಶ್ನೆಗೆ ಉತ್ತರ ಕೊಡಬೇಕಾದ ಹೊಣೆ ಇರುವ ವೇದಿಕೆಯಲ್ಲಿ ಹೇಳಿದ ಅಂಕಿಗೂ ಚುನಾವಣಾ ಸಭೆಯಲ್ಲಿ ಹೇಳಿದ ಅಂಕಿಗೂ ತೂಕದಲ್ಲಿ ವ್ಯತ್ಯಾಸವಿದೆ. ಆಯೋಗದ ಮುಂದೆ ತಪ್ಪು ಲೆಕ್ಕ ಕೊಟ್ಟರೆ ಮುಂದಿನ ವರ್ಷ ನೈಜ ಖರ್ಚಿನ ಪರಿಶೀಲನೆಯಲ್ಲಿ ಅದು ಹೊರಬೀಳುತ್ತದೆ. ಮಹಾಲೇಖಪಾಲರ ವರದಿಗಳೂ ಉಪಯುಕ್ತ, ಆದರೆ ಅವು ಹೇಳುವುದು ಒಂದೆರಡು ವರ್ಷ ಹಿಂದಿನ ಕಥೆ. ದಿನದ ಉತ್ಪಾದನೆ ಮತ್ತು ಬೇಡಿಕೆಗೆ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ದೈನಂದಿನ ವರದಿ ಇದೆ. ಅಲ್ಲಿರುವುದು ಬಹುಪಾಲು ಉತ್ಪಾದನಾ ಕೇಂದ್ರ ಮತ್ತು ಜಾಲದ ಮೀಟರ್‌ಗಳ ಲೆಕ್ಕ, ಆದ್ದರಿಂದ ಹೆಚ್ಚು ನಂಬಲರ್ಹ.

ಕಂಪನಿಗಳು ಅರ್ಜಿ ಸಲ್ಲಿಸಿದ ಮೇಲೆ ದಿನಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಬರುತ್ತದೆ. ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶವಿರುತ್ತದೆ, ಬಳಿಕ ಬಹಿರಂಗ ವಿಚಾರಣೆ. ಆಯೋಗದ ಕಚೇರಿ ಇರುವುದು ವಸಂತನಗರದಲ್ಲಿ. ಬಸವೇಶ್ವರನಗರದಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ದೂರ. ಅಲ್ಲಿ ಕೈಗಾರಿಕಾ ಸಂಘಗಳು ಲೆಕ್ಕಪರಿಶೋಧಕರನ್ನು ಕರೆದುಕೊಂಡು ಬರುತ್ತವೆ. ಗೃಹಬಳಕೆಯ ಗ್ರಾಹಕರು ಬರುವುದು ಅಪರೂಪ. ಬರುವವರು ತಮ್ಮ ಹನ್ನೆರಡು ತಿಂಗಳ ಬಿಲ್‌ಗಳನ್ನು ಜೊತೆಗೆ ತರುವುದು ಒಳಿತು, ಏಕೆಂದರೆ ಬಿಲ್‌ಗಳ ಮುದ್ರಣ ಕೆಲವೇ ತಿಂಗಳುಗಳಲ್ಲಿ ಅಳಿಸಿಹೋಗುತ್ತದೆ. ಮೊದಲೇ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಬೇಕು.